ಅಪ್ಪದ ಸೋಡಾ, ಅಲಕ್ಕುಕಾರ, ಅಮೋನಿಯ, ಸುಣ್ಣ: ಚೂರಿಯ ಹುಳಿ ಮುರಿಯಲು ಯಾವುದು?

ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಭಾವ ಒಂದು ಚೂರಿ ವಾಪಸ್ ತಂದರು. ಬೇಸಿಗೆಯಲ್ಲಿ ನಾನೇ ಮಾಡಿಕೊಟ್ಟದ್ದು. ಎರಡು ಬಗೆಯ ಉಕ್ಕು ಬೆಸೆದು, ಮಡಚಿ ಬಡಿದು, ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ ಚೂರಿ. ಗೆರೆಗಳು ಚೆನ್ನಾಗಿಯೇ ಇದ್ದವು. ಆದರೆ ಬ್ಲೇಡು ಹಿಡಿಗೆ ಸೇರುವ ಜಾಗದಲ್ಲಿ, ಹಿತ್ತಾಳೆ ಪಟ್ಟಿಯ ಅಡಿಯಿಂದ, ಒದ್ದೆ ಕುಂಕುಮ ಸೋರಿದ ಹಾಗೆ ತುಕ್ಕು ಇಳಿದಿತ್ತು. ಒರೆಸಿದರೆ ಹೋಗುತ್ತದೆ, ಎರಡು ದಿನ ಬಿಟ್ಟು ಮತ್ತೆ ಬರುತ್ತದೆ ಅಂದರು. "ನೀನು ಸೋಡಾದಲ್ಲಿ ಅದ್ದಿದ್ದೆ ಅಲ್ವಾ?" ಅಂತ ಕೇಳಿದರು.

ಅದ್ದಿದ್ದೆ, ಬ್ಲೇಡಿನಲ್ಲಿ ಉಳಿದ ಆಸಿಡ್‌ನ ಹುಳಿ ಮುರಿಯಲು. ಅದ್ದಿದ ಮೇಲೆ ಸರಿಯಾಗಿ ತೊಳೆದಿರಲಿಲ್ಲ.

ನಾನು ಬದಿಯಡ್ಕದ ಹತ್ತಿರದವ. ತೋಟದ ಕೆಲಸದ ನಡುವೆ ಕುಲುಮೆಯ ಹುಚ್ಚು. ನಮ್ಮ ಕಾಸರಗೋಡು ಕಡೆ ಉಕ್ಕು ಇಟ್ಟುಕೊಳ್ಳುವುದೇ ಒಂದು ಕಷ್ಟ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಪಕ್ಕದಲ್ಲೇ ಕಡಲು, ಬಾವಿ ನೀರೂ ಸ್ವಲ್ಪ ಹುಳಿ. ಒಣ ಊರಿನವರು "ಸೋಡಾ ಹಾಕಿ ತೊಳೆಯಿರಿ" ಅಂತ ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾವು ನಂಬಿದರೆ ಆಟಿಯಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಹಾಗಾಗಿ ಇಲ್ಲಿ ಸುಲಭವಾಗಿ ಸಿಗುವ ನಾಲ್ಕು ವಸ್ತುಗಳನ್ನು ಹೋಲಿಸಿ ಬರೆಯುತ್ತಿದ್ದೇನೆ.

ಹುಳಿ ಮುರಿದ ಮೇಲೆ ಉಳಿಯುವುದು ಏನು?

ಹೆಚ್ಚಿನವರು ಗೆರೆ ಎಬ್ಬಿಸಲು ಬಳಸುವುದು ಫೆರಿಕ್ ಕ್ಲೋರೈಡ್. ಎಲೆಕ್ಟ್ರಾನಿಕ್ಸ್ ಬೋರ್ಡಿನ ಮೇಲಿನ ತಾಮ್ರ ಕರಗಿಸುವ ಕಂದು ನೀರು. ನೀರಿಗೆ ಬಿದ್ದ ಕೂಡಲೇ ಅದು ತನ್ನಷ್ಟಕ್ಕೆ ಆಸಿಡ್ ಹುಟ್ಟಿಸುತ್ತದೆ. ಅದರಲ್ಲಿ 1084ರಂಥ ಕಾರ್ಬನ್ ಉಕ್ಕು ಕಪ್ಪಾಗುತ್ತದೆ. ಅದರ ಜೊತೆ ಬೆಸೆಯುವ 15ಎನ್20 ಅನ್ನುವ ಉಕ್ಕಿನಲ್ಲಿ ಸುಮಾರು 2 ಶೇಕಡ ನಿಕಲ್ ಇರುವುದರಿಂದ ಅದು ಬೆಳ್ಳಗೆ ಉಳಿಯುತ್ತದೆ. ಗೆರೆ ಕಾಣುವುದು ಹೀಗೆ.

ಬ್ಲೇಡನ್ನು ಹೊರಗೆ ತೆಗೆದಾಗ ಅದರ ಮೇಲೆ ಎರಡು ತೊಂದರೆ ಕೂತಿರುತ್ತವೆ. ಒಂದು ಹುಳಿ, ಇನ್ನೊಂದು ತುಕ್ಕು ಎಬ್ಬಿಸುವ ಕ್ಲೋರೈಡ್. ಸೋಡಾ ಹಾಕಿದರೆ ಹುಳಿ ಸಾಯುತ್ತದೆ. ಕ್ಲೋರೈಡ್ ಸಾಯುವುದಿಲ್ಲ. ಯಕ್ಷಗಾನದ ಚೌಕಿಗೆ ಹೋಗಿ ಬೇರೆ ವೇಷ ಕಟ್ಟಿಕೊಂಡು ರಂಗಕ್ಕೆ ಬರುತ್ತದೆ, ಅಷ್ಟೇ.

ಯಾವ ವೇಷ ಅನ್ನುವುದು ನೀವು ಹಾಕುವ ವಸ್ತುವಿನ ಮೇಲೆ ನಿಂತಿದೆ. ಅಡುಗೆ ಸೋಡಾ ಅಥವಾ ಬಟ್ಟೆ ಸೋಡಾ ಹಾಕಿದರೆ ಉಳಿಯುವುದು ಉಪ್ಪು, ನಾವು ಗಂಜಿಗೆ ಹಾಕುವ ಅದೇ ಉಪ್ಪು. ಅಮೋನಿಯ ಹಾಕಿದರೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ಉಜ್ಜುವ ಬಿಳಿ ಪುಡಿ ಅದೇ. ಅದು ಕಬ್ಬಿಣಕ್ಕೆ ಒಳ್ಳೆಯದಲ್ಲ. ಸುಣ್ಣ ಹಾಕಿದರೆ ಕ್ಯಾಲ್ಸಿಯಂ ಕ್ಲೋರೈಡ್. ಇದು ಗಾಳಿಯ ತೇವವನ್ನು ಎಳೆದು ಎಳೆದು ತಾನೇ ನೀರಾಗುತ್ತದೆ. ಕಪಾಟಿನಲ್ಲಿ ತೇವ ಹೀರಲು ಇಡುವ ಡಬ್ಬಿಗಳಲ್ಲಿ ತುಂಬುವುದು ಇದನ್ನೇ. ಮಳೆಗಾಲದಲ್ಲಿ ಚೂರಿಯ ಸಂದಿಯಲ್ಲಿ ಇದು ಕೂತಿದ್ದರೆ ಏನಾಗಬಹುದು ಅಂತ ಯೋಚಿಸಿ.

ನಾನು ಹೋಲಿಸುವುದು ಹೀಗಾಗಿ ಬೇರೆ ರೀತಿ. ಯಾವುದು ಎಷ್ಟು ಜೋರಾಗಿ ಹುಳಿ ಮುರಿಯುತ್ತದೆ ಅನ್ನುವುದು ನನಗೆ ಎರಡನೇ ಪ್ರಶ್ನೆ. ಏನನ್ನು ಬಿಟ್ಟು ಹೋಗುತ್ತದೆ, ಬಿಟ್ಟದ್ದನ್ನು ತೊಳೆಯಲು ಎಷ್ಟು ಸುಲಭ ಅನ್ನುವುದು ಮೊದಲನೆಯದು.

ಅಡುಗೆ ಸೋಡಾ

ನನ್ನ ಮೊದಲ ಆಯ್ಕೆ ಇದು. ನಮ್ಮ ಅಂಗಡಿಗಳಲ್ಲಿ ಅಪ್ಪಕ್ಕಾರಂ ಅಂದರೆ ಕೊಡುತ್ತಾರೆ. ಬರೀ "ಸೋಡಾ" ಅಂದರೆ ಬಾಟಲಿ ಒಡೆದು ಲಿಂಬೆ ಹಿಂಡಿ ಕೊಟ್ಟಾರು. "ಕಾರಂ" ಅಂತಷ್ಟೇ ಅಂದರೆ ಅಲಕ್ಕುಕಾರಂ, ಅಂದರೆ ಬಟ್ಟೆ ಸೋಡಾ ಕೈಗೆ ಬರಬಹುದು. ಬೇಕಿಂಗ್ ಪೌಡರ್ ಮಾತ್ರ ತರಬೇಡಿ. ಅದರಲ್ಲಿ ಹುಳಿಯ ಪುಡಿಯನ್ನೂ ಹಿಟ್ಟನ್ನೂ ಮೊದಲೇ ಬೆರೆಸಿರುತ್ತಾರೆ.

ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಾಕು. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 8ರ ಸ್ವಲ್ಪ ಮೇಲೆ ನಿಲ್ಲುತ್ತದೆ. ಇನ್ನೂ ಜಾಸ್ತಿ ಹಾಕಿದರೂ ಹೆಚ್ಚು ಏರುವುದಿಲ್ಲ. ಇದೇ ಅದರ ದೊಡ್ಡ ಗುಣ. ಕೈ ಸುಡುವುದಿಲ್ಲ, ಮರದ ಹಿಡಿ ಕೆಡುವುದಿಲ್ಲ, ಹಿತ್ತಾಳೆಗೂ ತೊಂದರೆ ಇಲ್ಲ. ಹುಳಿ ತಾಗಿದಾಗ ನೊರೆ ಬರುತ್ತದೆ, ಕೆಲಸ ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ.

ಆದರೆ ಆ ನೊರೆಯನ್ನು ಪೂರ್ತಿ ನಂಬಬೇಡಿ. ನೊರೆ ನಿಂತರೆ ಮೇಲ್ಮೈಯ ಹುಳಿ ಮುಗಿಯಿತು ಅಂತ ಮಾತ್ರ ಅರ್ಥ. ಹಿಡಿಯ ಸಂದಿ, ಬೆಸುಗೆ ಸರಿಯಾಗಿ ಕೂಡದ ಕೂದಲೆಳೆ ಬಿರುಕು, ಪಿನ್ನಿನ ತೂತು, ಇಲ್ಲಿಗೆ ಸೋಡಾ ನಿಧಾನವಾಗಿ ಇಳಿಯುತ್ತದೆ. ಬರೀ ಬ್ಲೇಡಿಗೆ 10 ನಿಮಿಷ ಸಾಕು. ಸಂದಿ ಇದ್ದರೆ ನಾನು ಗಂಟೆಗಟ್ಟಲೆ ಬಿಡುತ್ತೇನೆ, ನಡುವೆ ಒಮ್ಮೆ ನೀರು ಬದಲಿಸುತ್ತೇನೆ.

ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಆಸಿಡ್‌ನಿಂದ ತೆಗೆದ ಬ್ಲೇಡನ್ನು ಹಾಗೇ ಸೋಡಾಕ್ಕೆ ಮುಳುಗಿಸುತ್ತಾರೆ. ಆಗ ಕಂದು ನೀರಿನಲ್ಲಿದ್ದ ಕಬ್ಬಿಣವೆಲ್ಲ ಅಲ್ಲೇ ತುಕ್ಕಿನ ಬಣ್ಣದ ಕೆಸರಾಗಿ ಗೆರೆಗಳ ಒಳಗೆ ಕೂರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬೆಳ್ಳಿ ಗೆರೆ ಹಳದಿ ಹಳದಿ. ಮೊದಲು ಧಾರಾಳ ನೀರಿನಲ್ಲಿ ಕಂದು ಬಣ್ಣ ಹೋಗುವ ತನಕ ತೊಳೆಯಿರಿ. ಸೋಡಾ ಆಮೇಲೆ.

ಮತ್ತೆ, ಪ್ರತಿ ಸಲ ಅದ್ದಿ ತೆಗೆದಾಗ ಸೋಡಾ ಬೇಡ. ಗೆರೆ ಆಳವಾಗಲು ನಾಲ್ಕೈದು ಸಲ ಅದ್ದಬೇಕಾಗುತ್ತದಲ್ಲ, ನಡುವೆ ಬರೀ ನೀರು, ಒರೆಸುವ ಬಟ್ಟೆ, ನಯವಾದ ಉಜ್ಜು ಕಾಗದ ಸಾಕು. ಬ್ಲೇಡಿಗೆ ಅಂಟಿದ ಸೋಡಾ ಆಸಿಡ್ ಡಬ್ಬಿಗೆ ಹೋದರೆ ಆಸಿಡ್‌ನ ಕಸುವು ಇಳಿಯುತ್ತಾ ಹೋಗುತ್ತದೆ. ಸೋಡಾದ ಸರದಿ ಕೊನೆಗೆ ಒಂದೇ ಸಲ.

ಅಲಕ್ಕುಕಾರ

ಬಟ್ಟೆ ಸೋಡಾ ಅಡುಗೆ ಸೋಡಾದ ಅಣ್ಣ. ಪಿಎಚ್ 11 ದಾಟುತ್ತದೆ. ಅಷ್ಟೇ ಹುಳಿ ಮುರಿಯಲು ಅಡುಗೆ ಸೋಡಾ 84 ಗ್ರಾಂ ಬೇಕಾದರೆ ಇದು 53 ಗ್ರಾಂ ಸಾಕು. ಆದರೆ ಆ ಲೆಕ್ಕ ಒಣ ಪುಡಿಗೆ. ಹರಳಾಗಿ ಸಿಗುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಆಗ ಲೆಕ್ಕ ತಲೆಕೆಳಗು. ಉಳಿಸಿ ಹೋಗುವುದು ಅದೇ ಉಪ್ಪು.

ಇದರ ನಿಜವಾದ ಲಾಭ ಎಣ್ಣೆ ಜಿಡ್ಡು ತೆಗೆಯುವುದರಲ್ಲಿ. ಬಿರುಕಿನಲ್ಲಿ ಗ್ರೈಂಡಿಂಗ್ ಎಣ್ಣೆಯೂ ಹುಳಿಯೂ ಒಟ್ಟಿಗೆ ಕೂತಿದ್ದರೆ ಅಡುಗೆ ಸೋಡಾ ಒಳಗೆ ಹೋಗುವುದೇ ಇಲ್ಲ. ಅಲ್ಲಿ ಬಿಸಿ ಅಲಕ್ಕುಕಾರ ಗೆಲ್ಲುತ್ತದೆ. ಆದರೆ ಹಿಡಿ ಹಾಕುವ ಮೊದಲು ಮಾತ್ರ ಬಳಸಿ. ಮರ ಕಪ್ಪಾಗುತ್ತದೆ, ವಾರ್ನಿಷ್ ಏಳುತ್ತದೆ. ಅಲ್ಯುಮಿನಿಯಂ ಪಾತ್ರೆಯಲ್ಲಿ ಕಲಸಬೇಡಿ, ಪಾತ್ರೆಯನ್ನು ತಿನ್ನುತ್ತದೆ. ಬೆರಳು ಜಾರು ಜಾರು ಆದರೆ ಇನ್ನೂ ತೊಳೆಯಬೇಕು ಅಂತ ಅರ್ಥ. ಕೈಗವಸು ಇರಲಿ.

ಒಂದು ತಮಾಷೆ ಇದೆ. ಅಡುಗೆ ಸೋಡಾದ ನೀರನ್ನು ಕುದಿಸಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಹೋಗಿ ಅದು ನಿಧಾನಕ್ಕೆ ಅಲಕ್ಕುಕಾರವೇ ಆಗುತ್ತದೆ. ಹಾಗಾಗಿ ಮನೆಯಲ್ಲಿ ಒಂದೇ ಸೋಡಾ ಇದ್ದರೂ ಸಾಕು. ತಣ್ಣಗಿದ್ದರೆ ಸೌಮ್ಯ, ಕುದಿಸಿದರೆ ಖಡಕ್. ಬ್ಲೇಡಿನ ಗಟ್ಟಿತನ ಕುದಿನೀರಿನಲ್ಲಿ ಹೋಗುವುದಿಲ್ಲ, ಅದನ್ನು ಹದ ಮಾಡಿದ್ದೇ ಸುಮಾರು 200 ಡಿಗ್ರಿಯಲ್ಲಿ. ಆದರೆ ಹಿಡಿಗೆ ಹಾಕಿದ ಎಪಾಕ್ಸಿ ಅಂಟು ಅಷ್ಟು ಬಿಸಿ ತಡೆಯುವುದಿಲ್ಲ, ಮೆತ್ತಗಾಗುತ್ತದೆ. ಹಿಡಿ ಹಾಕಿದ ಚೂರಿಗೆ ಉಗುರು ಬೆಚ್ಚಗಿನ ನೀರೇ ಸರಿ.

ಅಮೋನಿಯ

ಹೊರದೇಶದ ಚೂರಿ ಮಾಡುವವರು ಆಸಿಡ್‌ನಿಂದ ತೆಗೆದ ಬ್ಲೇಡಿಗೆ ಗಾಜು ಒರೆಸುವ ಸ್ಪ್ರೇ ಹೊಡೆಯುತ್ತಾರೆ. ಅದರಲ್ಲಿರುವ ಅಮೋನಿಯಕ್ಕಾಗಿ. ಇಲ್ಲಿ ಸಿಗುವ ಎಲ್ಲ ಗಾಜಿನ ಸ್ಪ್ರೇಗಳಲ್ಲೂ ಅಮೋನಿಯ ಇರುವುದಿಲ್ಲ, ಲೇಬಲ್ ಓದಬೇಕು. ಆದರೆ ಬಂದಡ್ಕ, ಪಾಣತ್ತೂರು ಕಡೆಯವರಿಗೆ ಅಮೋನಿಯ ಹೊಸದಲ್ಲ. ರಬ್ಬರ್ ಹಾಲು ಬೇಗ ಗಟ್ಟಿಯಾಗದಂತೆ ಹಾಕುವುದು ಅದನ್ನೇ. ಶೀಟು ಮಾಡುವಾಗ ಹಾಲು ಒಡೆಯಲು ಹಾಕುವುದು ಫಾರ್ಮಿಕ್ ಆಸಿಡ್. ಎರಡೂ ಒಂದೇ ಶೆಡ್ಡಿನಲ್ಲಿ ಒಂದೇ ಥರದ ಕ್ಯಾನಿನಲ್ಲಿ ಇರುತ್ತವೆ. ಮೂಸಿ ಗುರುತಿಸುವ ಸಾಹಸ ಬೇಡ, ಕ್ಯಾನಿನ ಮೇಲೆ ಬರೆದಿಡಿ.

ತೋಟದ ಅಮೋನಿಯ ಬಹಳ ಖಾರ. ಒಂದಕ್ಕೆ ಇಪ್ಪತ್ತರಷ್ಟು ನೀರು ಸೇರಿಸಿ, ಅಂಗಳದಲ್ಲಿ ಗಾಳಿಗೆ ಬೆನ್ನು ಹಾಕಿ ಬಳಸಬೇಕು. ಬ್ಲೀಚಿನ ಜೊತೆ ಯಾವತ್ತೂ ಸೇರಿಸಬಾರದು, ವಿಷದ ಗಾಳಿ ಹುಟ್ಟುತ್ತದೆ.

ಇದರ ಒಳ್ಳೆಯ ಗುಣ ಏನಂದರೆ, ಹೆಚ್ಚಾದ ಅಮೋನಿಯ ತಾನೇ ಹಾರಿ ಹೋಗುತ್ತದೆ. ಸೋಡಾದ ಹಾಗೆ ಬಿಳಿ ಕಲೆ ಬಿಡುವುದಿಲ್ಲ. ತೊಳೆದು ಒಣಗಿಸುವ ನಡುವಿನ ಒಂದೆರಡು ನಿಮಿಷದಲ್ಲಿ ಬ್ಲೇಡಿನ ಮೇಲೆ ಕಿತ್ತಳೆ ಬಣ್ಣ ಏಳುತ್ತದಲ್ಲ, ಅದನ್ನು ತಡೆಯಲು ಇದರಷ್ಟು ಚೆನ್ನಾದದ್ದು ನಾನು ಕಂಡಿಲ್ಲ. ಆದರೆ ಹುಳಿ ಮುರಿಯುವ ಮುಖ್ಯ ಕೆಲಸಕ್ಕೆ ನಾನು ಬಳಸುವುದಿಲ್ಲ. ಹುಳಿಯ ಜೊತೆ ಸೇರಿ ಅದು ಬಿಟ್ಟು ಹೋಗುವ ನವಸಾಗರ ಹಾರುವುದಿಲ್ಲ, ಅಲ್ಲೇ ಕೂರುತ್ತದೆ. ಸೋಡಾ ಆಗಿ, ನೀರಾಗಿ, ಕೊನೆಯ ಒರೆಸುವಿಕೆಗೆ ಮಾತ್ರ ಅಮೋನಿಯ.

ಹಿತ್ತಾಳೆ ಅಥವಾ ತಾಮ್ರ ಇರುವ ಚೂರಿಗೆ ಅದೂ ಬೇಡ. ಅಮೋನಿಯ ತಾಮ್ರವನ್ನು ನೀಲಿ ನೀರಾಗಿ ಕರಗಿಸುತ್ತದೆ. ಬಡಿದು ಬಗ್ಗಿಸಿದ ಹಿತ್ತಾಳೆ ಬಿರುಕು ಬಿಡುವುದೂ ಇದೆ.

ಸುಣ್ಣ

ಇದನ್ನು ಹೇಳದೆ ಬಿಟ್ಟರೆ ಊರಿನವರು ಬಿಡುವುದಿಲ್ಲ. ಅಡಿಕೆ ಬೆಳೆಯುವವನಿಗೆ ಹುಳಿ ಮುರಿಯುವುದು ಅಂದರೆ ಸುಣ್ಣವೇ. ಕೊಳೆರೋಗಕ್ಕೆ ಬೋರ್ಡೋ ಮದ್ದು ಕಲಸುವಾಗ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಹದ ಬಂತೋ ಇಲ್ಲವೋ ಅಂತ ನೋಡುವುದು ಹೇಗೆ? ಉಜ್ಜಿದ ಕತ್ತಿಯನ್ನು ಮದ್ದಿಗೆ ಅದ್ದಿ. ತುದಿಯಲ್ಲಿ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಕೂರದಿದ್ದರೆ ಸರಿ. ಸುಣ್ಣ ಕಡಿಮೆಯಾದಾಗ ಕರಗಿದ ತಾಮ್ರ ನೀರಿನಲ್ಲೇ ಉಳಿದಿರುತ್ತದೆ, ಕಬ್ಬಿಣ ಕಂಡ ಕೂಡಲೇ ಅದರ ಮೇಲೆ ಹತ್ತುತ್ತದೆ. ಕತ್ತಿ, ಹುಳಿ, ಸುಣ್ಣ ಮೂರರ ಸಂಬಂಧ ನಮ್ಮ ಅಜ್ಜಂದಿರಿಗೆ ಲಿಟ್ಮಸ್ ಇಲ್ಲದೆಯೇ ಗೊತ್ತಿತ್ತು.

ಆದರೂ ಚೂರಿಗೆ ಸುಣ್ಣ ಬೇಡ ಅಂತಲೇ ಹೇಳುತ್ತೇನೆ. ತೇವ ಎಳೆಯುವ ಕ್ಯಾಲ್ಸಿಯಂ ಕ್ಲೋರೈಡಿನ ವಿಷಯ ಆಗಲೇ ಬಂತು. ಇನ್ನೊಂದು ಕಾರಣ, ತಿಳಿ ಸುಣ್ಣದ ನೀರು ನೋಡಲು ಜೋರು, ಕೆಲಸದಲ್ಲಿ ಬಡವ. ಪಿಎಚ್ 12 ದಾಟುತ್ತದೆ ನಿಜ, ಆದರೆ ಒಂದು ಲೀಟರಿನಲ್ಲಿ ಕರಗುವುದು ಎರಡು ಗ್ರಾಂಗಿಂತ ಕಡಿಮೆ. 50 ಗ್ರಾಂ ಅಡುಗೆ ಸೋಡಾ ಕರಗಿದ ನೀರು ಅದರ ಹತ್ತು ಪಟ್ಟಿಗಿಂತ ಹೆಚ್ಚು ಹುಳಿ ನುಂಗುತ್ತದೆ. ಕದಡಿದ ಸುಣ್ಣ ಹಾಕಿದರೆ ಗೆರೆಗಳ ಮೇಲೆ ಬಿಳಿ ಪೊರೆ ಹಿಡಿಯುತ್ತದೆ, ಒಣಗಿದ ಮೇಲೆ ಅದು ಏಳುವುದಿಲ್ಲ.

ಸುಣ್ಣದ ಜಾಗ ಬಕೆಟಿನಲ್ಲಿ. ಕೆಲಸ ಮುಗಿದ ಹಳೆ ಆಸಿಡ್ ನೀರನ್ನು ತೋಡಿಗೆ ಚೆಲ್ಲುವವರನ್ನು ನೋಡಿದ್ದೇನೆ. ಅದರಲ್ಲಿ ಹುಳಿ ಮಾತ್ರ ಅಲ್ಲ, ಉಕ್ಕಿನಿಂದ ಕರಗಿದ ನಿಕಲ್ ಕೂಡ ಇದೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ನೆಲ ಜರಡಿ ಇದ್ದ ಹಾಗೆ, ಇಲ್ಲಿ ಚೆಲ್ಲಿದ್ದು ನಾಳೆ ಬಾವಿಯಲ್ಲಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸುಣ್ಣದ ತಿಳಿಯಲ್ಲ, ಗಟ್ಟಿ ಹಾಲನ್ನೇ ಸ್ವಲ್ಪ ಸ್ವಲ್ಪ ಸುರಿದು ಕಲಕಿ. ಬಿಸಿಯಾಗುತ್ತದೆ, ಅವಸರ ಬೇಡ. ಕಬ್ಬಿಣ ಕಂದು ಕೆಸರಾಗಿ ಅಡಿಗೆ ಇಳಿಯುತ್ತದೆ. ನಿಕಲ್ ಇಳಿಯಬೇಕಾದರೆ ಪಿಎಚ್ 9ರ ಮೇಲೆ ಹೋಗಬೇಕು, ಹಾಗಾಗಿ ಸುಣ್ಣ ತುಸು ಹೆಚ್ಚೇ ಇರಲಿ. ಕೆಸರನ್ನು ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ತೋಟಕ್ಕೆ ಹಾಕಬೇಡಿ, "ಸುಣ್ಣ ಉಂಟಲ್ಲ, ಮಣ್ಣಿಗೆ ಒಳ್ಳೆಯದು" ಅನ್ನುವ ಲೆಕ್ಕ ಇಲ್ಲಿ ಬೇಡ.

ನಾಲ್ಕಕ್ಕಿಂತ ಮುಖ್ಯವಾದದ್ದು: ನೀರು

ಭಾವನ ಚೂರಿಯಿಂದ ನಾನು ಕಲಿತದ್ದು ಇದು. ನಾನು ಸೋಡಾ ಬದಲಿಸಿ ಬದಲಿಸಿ ನೋಡಿದೆ. ಬದಲಿಸಬೇಕಾಗಿದ್ದದ್ದು ನೀರನ್ನು.

ಮುರಕಲ್ಲಿನ ನಡುವೆ ತೋಡಿದ ಬಾವಿಗಳ ನೀರು ಸಾಮಾನ್ಯವಾಗಿ ಹುಳಿ ಕಡೆಗೆ ವಾಲಿರುತ್ತದೆ. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಅದನ್ನು ಹಿಡಿದು ನಿಲ್ಲಿಸುವ ಕ್ಷಾರ ಕಡಿಮೆ. ಸೋಡಾದಿಂದ ತೆಗೆದ ಬ್ಲೇಡನ್ನು ಅದೇ ನೀರಲ್ಲಿ ತೊಳೆದು ನಿಧಾನವಾಗಿ ಒರೆಸಿದರೆ ಮತ್ತೆ ತುಕ್ಕಿಗೆ ಆಹ್ವಾನ ಕೊಟ್ಟ ಹಾಗೆ. ಪರಿಹಾರ ಸುಲಭ. ನೀರನ್ನು ಚೆನ್ನಾಗಿ ಕುದಿಸಿ. ಆ ಗಾಳಿ ಹಾರಿ ಹೋಗಿ ಹುಳಿ ಇಳಿಯುತ್ತದೆ. ಬಿಸಿ ನೀರು ಉಪ್ಪನ್ನು ಬೇಗ ತೆಗೆಯುತ್ತದೆ. ಬಿಸಿಯಾದ ಬ್ಲೇಡು ಹೊರಗೆ ತೆಗೆದ ಕೂಡಲೇ ತಾನೇ ಒಣಗುತ್ತದೆ. ಒಂದೇ ಕೆಲಸಕ್ಕೆ ಮೂರು ಲಾಭ.

ಕುಂಬಳೆ, ಮೊಗ್ರಾಲ್ ಕಡೆ ಕಡಲ ಹತ್ತಿರ ಇದ್ದರೆ ಕಥೆ ಬೇರೆ. ಎಪ್ರಿಲ್, ಮೇ ತಿಂಗಳಲ್ಲಿ ಕೆಲವು ಬಾವಿಗಳಿಗೆ ಉಪ್ಪು ನೀರು ನುಗ್ಗುತ್ತದೆ. ಉಪ್ಪು ಕುದಿಸಿದರೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಉಪ್ಪು ತೊಳೆಯಲು ಉಪ್ಪಿನ ನೀರು! ಅಂಥಲ್ಲಿ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ತನ್ನಿ. ಪೆಟ್ರೋಲ್ ಪಂಪಿನಲ್ಲಿ ಸಿಗುತ್ತದೆ. ಬ್ಯಾಟರಿ ನೀರು ಅಂತ ಸ್ಪಷ್ಟವಾಗಿ ಕೇಳಿ. ಬ್ಯಾಟರಿ ಆಸಿಡ್ ತಂದರೆ ಮೊದಲಿನಿಂದ ಶುರು ಮಾಡಬೇಕಾದೀತು.

ಒಂದೇ ದೊಡ್ಡ ಬಕೆಟಿನಲ್ಲಿ ಒಮ್ಮೆ ತೊಳೆಯುವುದಕ್ಕಿಂತ ಚಿಕ್ಕ ಪಾತ್ರೆಯಲ್ಲಿ ಮೂರು ಸಲ ನೀರು ಬದಲಿಸಿ ತೊಳೆಯುವುದು ಒಳ್ಳೆಯದು. ಪ್ರತಿ ಸಲ ಉಳಿದ ಉಪ್ಪು ಹತ್ತರಲ್ಲಿ ಒಂದಾಯಿತು ಅಂತ ಇಟ್ಟುಕೊಂಡರೂ ಮೂರನೇ ಸಲಕ್ಕೆ ಸಾವಿರದಲ್ಲಿ ಒಂದು.

ಹುಳಿ ಉಳಿದಿದೆಯೋ ನೋಡಲು ಲಿಟ್ಮಸ್ ಕಾಗದ ಇದ್ದರೆ ಒದ್ದೆ ಬ್ಲೇಡಿಗೆ ಒತ್ತಿ ನೋಡಿ. ಇಲ್ಲದಿದ್ದರೆ ಅಂಗಳದ ಕೆಂಪು ದಾಸವಾಳ ಸಾಕು. ಹೂವಿನ ರಸಕ್ಕೆ ಹುಳಿ ತಾಗಿದರೆ ಕೆಂಪೇರುತ್ತದೆ, ಕ್ಷಾರ ತಾಗಿದರೆ ಹಸಿರಾಗುತ್ತದೆ. ಅರಿಶಿನ ಈ ಕೆಲಸಕ್ಕೆ ಸಾಲದು. ಅದು ಕ್ಷಾರಕ್ಕೆ ಕೆಂಪಾಗುತ್ತದೆ ನಿಜ, ಹುಳಿಗೂ ಬರೀ ನೀರಿಗೂ ಹಳದಿಯೇ. ಉಪ್ಪನ್ನು ಮಾತ್ರ ಇವು ಯಾವುವೂ ತೋರಿಸುವುದಿಲ್ಲ.

ಬೇರೆ ಆಸಿಡ್ ಬಳಸಿದ್ದರೆ

ವಿನೆಗರ್ ಆದರೆ ಅಡುಗೆ ಸೋಡಾ ಧಾರಾಳ ಸಾಕು. ಅದರಲ್ಲಿ ಕ್ಲೋರೈಡ್ ಇಲ್ಲ, ಹಾಗಾಗಿ ತಲೆನೋವೂ ಕಡಿಮೆ. ಕಕ್ಕಸು ತೊಳೆಯುವ ಆಸಿಡ್‌ನಲ್ಲಿ ಗೆರೆ ಎಬ್ಬಿಸುವುದು ನನಗೆ ಇಷ್ಟ ಇಲ್ಲ. ಅದರ ಹೊಗೆಗೇ ಕೋಣೆಯಲ್ಲಿರುವ ಸುತ್ತಿಗೆ, ಇಕ್ಕಳ ಎಲ್ಲ ತುಕ್ಕು ಹಿಡಿಯುತ್ತವೆ.

ಗೆರೆ ಇನ್ನೂ ಕಪ್ಪಾಗಲಿ ಅಂತ ಕಡೆಗೆ ಇನ್‌ಸ್ಟಂಟ್ ಕಾಫಿಯ ಗಟ್ಟಿ ಕಷಾಯದಲ್ಲಿ ನೆನೆಸುವವರಿದ್ದಾರೆ. ನಾನೂ ಮಾಡುತ್ತೇನೆ. ಮೊದಲು ಫೆರಿಕ್‌ನ ಹುಳಿ ಮುರಿದು, ಮೂರು ನೀರು ತೊಳೆದು, ಆಮೇಲೆ ಕಾಫಿ. ಕಾಫಿಯ ಹುಳಿ ಬಹಳ ಸಣ್ಣದು, ಅದಕ್ಕೆ ಮತ್ತೆ ಸೋಡಾ ಬೇಕಿಲ್ಲ, ಬಿಸಿ ನೀರಿನಲ್ಲಿ ತೊಳೆದರೆ ಮುಗಿಯಿತು.

ಎಣ್ಣೆಯ ವಿಷಯ ಚಿಕ್ಕದು. ದಿನಾ ಬಳಸುವ ಅಡುಗೆ ಚೂರಿಗೆ ತೆಂಗಿನೆಣ್ಣೆ ಸವರಿ. ತಿಂಗಳುಗಟ್ಟಲೆ ಎತ್ತಿಡುವುದಕ್ಕೆ ಬೇಡ. ತೆಂಗಿನೆಣ್ಣೆ ಹಳತಾಗಿ ಕನರಿದರೆ ಅದರಲ್ಲೇ ಹುಳಿ ಹುಟ್ಟುತ್ತದೆ. ಎತ್ತಿಡುವ ಚೂರಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಚರ್ಮದ ಒರೆಯೊಳಗೆ ಮಾತ್ರ ಇಡಬೇಡಿ, ಮಳೆಗಾಲದಲ್ಲಿ ಚರ್ಮ ಸ್ಪಂಜಿನ ಹಾಗೆ.

ಭಾವನ ಚೂರಿಯ ಹಿಡಿ ಬಿಚ್ಚಿದೆ. ಹಿತ್ತಾಳೆ ಪಟ್ಟಿಯನ್ನು ನಾನು ಆಸಿಡ್ ಕೊಡುವ ಮೊದಲೇ ಕೂರಿಸಿ, ಉಗುರು ಬಣ್ಣ ಬಳಿದು ಮುಚ್ಚಿದ್ದೆ. ಬಣ್ಣದ ಅಡಿಯಿಂದ ಆಸಿಡ್ ನುಸುಳಿತ್ತು. ಪಟ್ಟಿಯ ಕೆಳಗೆ ಉಕ್ಕಿನ ಮೇಲೆ ಕಡಲೆ ಗಾತ್ರದ ಗುಳಿ, ಗುಳಿಯ ಸುತ್ತ ತೆಳ್ಳಗೆ ತಾಮ್ರದ ಬಣ್ಣ. ಹಿತ್ತಾಳೆಯಿಂದ ಕರಗಿದ ತಾಮ್ರ ಬೋರ್ಡೋ ಮದ್ದಿನ ಕತ್ತಿಯ ಮೇಲೆ ಕೂರುವ ಹಾಗೆಯೇ ಕೂತಿತ್ತು. ಉಜ್ಜಿ ತೆಗೆದೆ. ಕುದಿಯುವ ಸೋಡಾದಲ್ಲಿ ಅರ್ಧ ಗಂಟೆ, ಕುದಿಸಿದ ಬಾವಿ ನೀರು ಮೂರು ಸಲ, ಅಮೋನಿಯದ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಬಿಸಿ ಇರುವಾಗಲೇ ಎಣ್ಣೆ. ಪಟ್ಟಿಯನ್ನು ಕೊನೆಗೆ, ಬ್ಲೇಡಿನ ಆ ಜಾಗದ ಎಣ್ಣೆ ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆ, ಅಂಟು ತುಂಬಿ ಕೂರಿಸಿದೆ. ಆಟಿಯ ನಂತರದ ಸೋಣ ತಿಂಗಳೂ ಕಳೆಯಿತು, ಕೆಂಪು ಗೆರೆ ಬಂದಿಲ್ಲ. ಅಕ್ಕ ಅದರಲ್ಲಿ ದಿನಾ ಬಾಳೆಕಾಯಿ ಕೊಯ್ಯುತ್ತಾಳಂತೆ. ಬ್ಲೇಡು ನನ್ನ ಕಾಫಿಯಲ್ಲಿ ಆದದ್ದಕ್ಕಿಂತ ಕಪ್ಪಾಗಿದೆ.